ಒಂದು ಇಂಗ್, ನಾಲ್ಕು ಕನ್ನಡ

"ಮಿಸ್, ಐ ಆಮ್ ಬೋರಿಂಗ್."

ಮಧ್ಯಾಹ್ನದ ಊಟ ಆದ ಮೇಲಿನ ಪೀರಿಯಡ್. ಒಂಬತ್ತನೇ ಕ್ಲಾಸು. ಇಂಗ್ಲಿಷ್ ಪೀರಿಯಡ್ಡಲ್ಲಿ ಇಂಗ್ಲಿಷಲ್ಲೇ ಮಾತಾಡೋಣ ಅಂತ ಹೇಳಿದವಳು ನಾನೇ. ಆ ಮಾತನ್ನು ನಂಬಿ ಕೊನೇ ಬೆಂಚಿನ ಹುಡುಗ ಎದ್ದು ನಿಂತ, ಕೈ ಕಟ್ಟಿಕೊಂಡ, ಹೇಳಿಯೇಬಿಟ್ಟ. ಯಾರೂ ನಗಲಿಲ್ಲ. ಎಲ್ಲರಿಗೂ ಅದು ಸರಿಯಾಗೇ ಕೇಳಿಸಿತ್ತು. ಅವನು ಹೇಳಲು ಹೊರಟಿದ್ದು "ನನಗೆ ಬೋರ್ ಆಗ್ತಾ ಇದೆ" ಅಂತ. ಅವನ ಬಾಯಿಂದ ಬಂದಿದ್ದು "ನಾನು ಬೋರ್ ಹೊಡೆಸುವ ಮನುಷ್ಯ" ಅಂತ.

"ಬೋರಿಂಗ್ ಅಲ್ಲಪ್ಪ, ಬೋರ್ಡ್" ಅಂದೆ. ಅವನು ಕತ್ತೆತ್ತಿ ಕರಿಹಲಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಏನೂ ಅರ್ಥವಾಗದೆ ಕೂತುಕೊಂಡ.

ಅವತ್ತು ಸಂಜೆ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಕೂತೆ. ಹುಡುಗ ತಪ್ಪಿದ್ದಾದರೂ ಎಲ್ಲಿ? ನಾನು ಹೇಳಿಕೊಟ್ಟ ಸೂತ್ರವನ್ನೇ ಅವನು ಹಿಡಿದುಕೊಂಡಿದ್ದ. "ಇಂಗ್ ಬಂದ್ರೆ ಉತ್ತಿದ್ದೇನೆ, ಉತ್ತಿದ್ದಾನೆ, ಉತ್ತಿದೆ." ಈಟಿಂಗ್ ಅಂದ್ರೆ ತಿನ್ನುತ್ತಿದ್ದೇನೆ, ಗೋಯಿಂಗ್ ಅಂದ್ರೆ ಹೋಗುತ್ತಿದ್ದೇನೆ. ಐದನೇ ಕ್ಲಾಸಲ್ಲಿ ಇಂಗ್ಲಿಷ್ ಅಕ್ಷರ ಕಲಿಯೋಕೆ ಶುರು ಮಾಡಿದ ನನಗೂ ಇದನ್ನೇ ಹೇಳಿಕೊಟ್ಟಿದ್ದರು. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಟ್ಟೆ. ಬೋರ್ ಆಗ್ತಾ ಇದೆ. ಆಗ್ತಾ ಇದೆ ಅಂದ ಮೇಲೆ ಇಂಗ್ ಬರಲೇಬೇಕು ಅಲ್ವಾ? ಅವನ ಲೆಕ್ಕ ಸರಿಯಾಗಿತ್ತು. ಸೂತ್ರವೇ ಅರೆಬರೆಯಾಗಿತ್ತು.

ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿಗೂ ಹತ್ತನೇ ಕ್ಲಾಸಿಗೂ ನಡುವಿನ ಗೋಡೆ ಪೂರ್ತಿ ಮೇಲಕ್ಕೆ ಹೋಗಿಲ್ಲ. ಆ ಕಡೆ ಹೇಳಿದ್ದು ಈ ಕಡೆ ಕೇಳುತ್ತದೆ. ಅದೇ ವಾರ ನಾನು ಬೋರ್ಡಿನ ಮೇಲೆ ರನ್ನಿಂಗ್ ಅಂತ ಬರೆದು ನಿಂತಿದ್ದೆ. ಆ ಕಡೆಯಿಂದ ಕನ್ನಡ ಮೇಷ್ಟ್ರ ಗಂಟಲು. "ಓಡುವ ಕುದುರೆ. ಓಡುವ ಅನ್ನೋದು ಕೃದಂತ ನಾಮ. ಓಟ, ಓಡುವಿಕೆ, ಇವು ಕೃದಂತ ಭಾವನಾಮ. ಓಡುತ್ತಾ, ಓಡಿ, ಓಡಲು, ಇವು ಕೃದಂತ ಅವ್ಯಯ. ಹೇಳ್ರೋ." ಮಕ್ಕಳು ಒಂದೇ ರಾಗದಲ್ಲಿ ಹೇಳಿದರು.

ನಾನು ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತೆ. ಬೋರ್ಡಿನ ಮೇಲಿದ್ದ ನನ್ನ ಒಂದು ಪದಕ್ಕೆ ಆ ಕಡೆ ಮೂರು ಬೇರೆ ಬೇರೆ ಹೆಸರಿನ ಕನ್ನಡ ಇತ್ತು. ಓಡುತ್ತಿದ್ದಾನೆ ಅನ್ನುವುದನ್ನೂ ಸೇರಿಸಿದರೆ ನಾಲ್ಕು. ನಾಲ್ಕು ಗೆರೆ ಎಳೆದೆ, ನಾಲ್ಕು ಕಂಬ ಮಾಡಿದೆ. ಓಡುತ್ತಿದ್ದಾನೆ. ಓಡುವುದು. ಓಡುವ. ಓಡುತ್ತಾ. ಎಲ್ಲದರ ಕೆಳಗೂ ಒಂದೇ ಇಂಗ್ಲಿಷ್ ಪದ ಬರೆದೆ, ರನ್ನಿಂಗ್.

ನಾವು ಮಕ್ಕಳಿಗೆ ಮೊದಲನೇ ಕಂಬ ಒಂದನ್ನೇ ಕೊಟ್ಟಿದ್ದೆವು. ಉಳಿದ ಮೂರು ಅವರ ತಲೆಯಲ್ಲಿ ಆಗಲೇ ಇದ್ದವು. ಪಕ್ಕದ ರೂಮಿನಲ್ಲಿ ಹೆಸರಿಟ್ಟು ಕಲಿಸುತ್ತಲೂ ಇದ್ದರು. ಎರಡನ್ನೂ ಜೋಡಿಸಿ ತೋರಿಸಿದವರು ಮಾತ್ರ ಇರಲಿಲ್ಲ.

ಎರಡನೇ ಕಂಬದಿಂದ, ಅಂದರೆ "ಓಡುವುದು" ಅನ್ನುವುದರಿಂದ ಶುರು ಮಾಡುವುದು ಒಳ್ಳೆಯದು ಅಂತ ನನಗೀಗ ಅನ್ನಿಸಿದೆ. ಅದು ಮಕ್ಕಳಿಗೆ ಬೀದಿಯಲ್ಲೇ ಸಿಗುತ್ತದೆ. ನಮ್ಮೂರ ಬಸ್ ಸ್ಟ್ಯಾಂಡಿನಿಂದ ಶಾಲೆಗೆ ಹತ್ತು ನಿಮಿಷದ ದಾರಿ. ಒಂದು ದಿನ ಮಕ್ಕಳಿಗೆ ಹೇಳಿದೆ, ನಾಳೆ ಬರುವಾಗ ಅಂಗಡಿ ಬೋರ್ಡುಗಳಲ್ಲಿ ಇಂಗ್ ಎಲ್ಲೆಲ್ಲಿದೆ ನೋಡಿ ಬರೆದುಕೊಂಡು ಬನ್ನಿ ಅಂತ. ಮಾರನೇ ದಿನ ನೋಟ್‌ಬುಕ್ ತುಂಬಿತ್ತು. ಟೈಲರಿಂಗ್, ವೆಲ್ಡಿಂಗ್, ಮೋಟರ್ ವೈಂಡಿಂಗ್, ಬುಕ್ ಬೈಂಡಿಂಗ್, ಬೋರ್ಡಿಂಗ್ ಅಂಡ್ ಲಾಡ್ಜಿಂಗ್, ನೋ ಪಾರ್ಕಿಂಗ್, ಡ್ರೈವಿಂಗ್ ಸ್ಕೂಲ್. ಗಾರೆ ಕೆಲಸದವರ ಮಗಳೊಬ್ಬಳು ಬೋರ್ಡಿಲ್ಲದೆಯೂ ಬರೆದುಕೊಂಡು ಬಂದಿದ್ದಳು. ಸೆಂಟ್ರಿಂಗ್, ಪ್ಲಾಸ್ಟರಿಂಗ್, ಕ್ಯೂರಿಂಗ್, ವೈರಿಂಗ್, ಪ್ಲಂಬಿಂಗ್. ಅವರ ಮನೆಯಲ್ಲಿ ದಿನಾ ಆಡುವ ಮಾತುಗಳವು.

"ಭಾನುವಾರ ವೆಲ್ಡಿಂಗ್ ಅಂಗಡಿ ಬಾಗಿಲು ಹಾಕಿರುತ್ತೆ. ಆಗಲೂ ಬೋರ್ಡಲ್ಲಿ ವೆಲ್ಡಿಂಗ್ ಅಂತಲೇ ಇರುತ್ತಲ್ಲ, ಯಾಕೆ?" ಅಂತ ಕೇಳಿದೆ. ಯಾರೂ ಬೆಸೆಯುತ್ತಿಲ್ಲ, ಏನೂ ನಡೆಯುತ್ತಿಲ್ಲ. ವೆಲ್ಡಿಂಗ್ ಅಂಗಡಿಯವರ ಮಗನೇ ಹೇಳಿದ, "ಅದು ಕೆಲಸದ ಹೆಸರು ಮಿಸ್." ಅಷ್ಟೇ. ವ್ಯಾಕರಣದ ಪುಸ್ತಕದಲ್ಲಿ ಜೆರಂಡ್ ಅಂತ ದೊಡ್ಡ ಹೆಸರಿಟ್ಟು ಮಕ್ಕಳನ್ನು ಹೆದರಿಸುವ ಸಂಗತಿ ಅದು. ಕೆಲಸದ ಹೆಸರು.

ಹೆಸರು ಅಂದ ಮೇಲೆ ಅದಕ್ಕೆ ವಿಭಕ್ತಿ ಹತ್ತಬೇಕು. ಕನ್ನಡದಲ್ಲಿ ಹತ್ತುತ್ತದೆ. ಓದುವುದರಿಂದ, ಈಜುವುದರಲ್ಲಿ, ಹೋಗುವುದಕ್ಕೆ ಮುಂಚೆ. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸ ಮಾಡುವ ಸಣ್ಣ ಪದಗಳು ಹೆಸರಿನ ಮುಂದೆ ಬರುತ್ತವೆ. ಹಾಗಾಗಿ ಓದುವುದರಿಂದ ಅನ್ನುವುದು ಬೈ ರೀಡಿಂಗ್. ಈಜುವುದರಲ್ಲಿ ಜಾಣ ಅನ್ನುವುದು ಗುಡ್ ಅಟ್ ಸ್ವಿಮ್ಮಿಂಗ್. ಹೋಗುವುದಕ್ಕೆ ಮುಂಚೆ ಅನ್ನುವುದು ಬಿಫೋರ್ ಗೋಯಿಂಗ್. ಬೈ, ಅಟ್, ಇನ್, ಆಫ್, ಫಾರ್, ವಿದೌಟ್, ಇವುಗಳ ಪಕ್ಕ ಕ್ರಿಯಾಪದ ಬಂದರೆ ಇಂಗ್ ಯಾಕೆ ಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಸುಮ್ನೆ ಬಾಯಿಪಾಠ ಮಾಡಿದ್ದೆ. ಕನ್ನಡದಲ್ಲಿ "ಓದು" ಅನ್ನುವ ಕ್ರಿಯೆಗೆ ನೇರವಾಗಿ "ಇಂದ" ಹಚ್ಚೋಕಾಗಲ್ಲ. ಮೊದಲು ಅದನ್ನು "ಓದುವುದು" ಮಾಡಿಕೊಳ್ಳಬೇಕು. ಅಲ್ಲೂ ಹಾಗೇ.

ಆಫೀಸಿನ ಮೇಲ್‌ಗಳಲ್ಲಿ ಓದು ಬಲ್ಲವರೂ ಎಡವುವ ಒಂದು ಸಾಲಿದೆ. ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು ಅಂತ ಬರೆಯುತ್ತಾರೆ. ಟು ಬಂದಿತಲ್ಲ, ಮುಂದೆ ಬರೀ ಮೀಟ್ ಸಾಕು ಅನ್ನಿಸುತ್ತದೆ. ಆದರೆ ಇಲ್ಲಿನ ಟು "ಭೇಟಿಯಾಗಲು" ಅನ್ನುವಲ್ಲಿನ "ಅಲು" ಅಲ್ಲ. ಅದು ವಿಭಕ್ತಿಯ ಜಾತಿಯದು. ಪರೀಕ್ಷೆ ಮಾಡುವುದು ಸುಲಭ. ಆ ಜಾಗದಲ್ಲಿ ಒಂದು ಹೆಸರು ಇಟ್ಟು ನೋಡಿ. ಲುಕಿಂಗ್ ಫಾರ್ವರ್ಡ್ ಟು ದ ಫೆಸ್ಟಿವಲ್. ಹಬ್ಬ ಕೂರುತ್ತದೆ ಅಂದರೆ ಅದು ಹೆಸರಿನ ಜಾಗ. ಆದ್ದರಿಂದ ಮೀಟಿಂಗ್ ಯು.

ಕುಡಿಯಲು, ಕುಡಿಯೋಕೆ ಅನ್ನುವುದಕ್ಕೂ ಕುಡಿಯೋದು, ಕುಡಿಯುವುದು ಅನ್ನುವುದಕ್ಕೂ ಇರುವ ಅಂತರ ನಮ್ಮ ಬಾಯಲ್ಲಿ ಎಷ್ಟು ಗಟ್ಟಿ ನೋಡಿ. "ಕಾಫಿ ಕುಡಿಯೋದನ್ನ ನಿಲ್ಲಿಸಿದೆ" ಮತ್ತು "ಕಾಫಿ ಕುಡಿಯೋಕೆ ನಿಂತೆ." ಇವೆರಡನ್ನೂ ಹಳ್ಳಿಯ ಅಜ್ಜಿಯೂ ಬೆರೆಸುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದು ಐ ಸ್ಟಾಪ್ಡ್ ಡ್ರಿಂಕಿಂಗ್ ಕಾಫಿ. ಎರಡನೆಯದು ಐ ಸ್ಟಾಪ್ಡ್ ಟು ಡ್ರಿಂಕ್ ಕಾಫಿ. ಒಂದರಲ್ಲಿ ಕಾಫಿ ಬಿಟ್ಟಿದ್ದಾಯಿತು, ಇನ್ನೊಂದರಲ್ಲಿ ಕಾಫಿ ಸಿಕ್ಕಿತು. ಎಂಜಾಯ್, ಅವಾಯ್ಡ್, ಫಿನಿಶ್, ಸಜೆಸ್ಟ್ ಥರದ ಕೆಲವು ಕ್ರಿಯಾಪದಗಳು ಟು ಕಡೆ ತಿರುಗಿಯೂ ನೋಡುವುದಿಲ್ಲ, ಇಂಗ್ ಮಾತ್ರ ಒಪ್ಪುತ್ತವೆ. ಅವುಗಳನ್ನು ಬಳಸಿ ಬಳಸಿಯೇ ಕಲಿಯಬೇಕು, ಅಡ್ಡದಾರಿ ಇಲ್ಲ.

ಇಂಗ್ ಹಚ್ಚುವಾಗ ಕಾಗುಣಿತದ ತೊಡಕೂ ಒಂದಿದೆ. ಅದಕ್ಕೂ ಬೆಳಕು ಸಿಕ್ಕಿದ್ದು ಕನ್ನಡದಿಂದಲೇ.

ಒಬ್ಬ ಹುಡುಗಿ ಯಾವಾಗಲೂ ರೈಟಿಂಗ್ ಅನ್ನುವುದಕ್ಕೆ ಎರಡು ಟಿ ಬರೆಯುತ್ತಿದ್ದಳು. ನಾನು ಕೆಂಪು ಶಾಯಿಯಲ್ಲಿ ಒಂದನ್ನು ಹೊಡೆದು ಹಾಕುತ್ತಿದ್ದೆ. ಒಂದು ದಿನ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟಳು. "ರಿಟನ್ ಅಂತ ಬರೆಯುವಾಗ ಎರಡು ಟಿ ಸರಿ ಅಂತೀರಿ. ರೈಟಿಂಗ್‌ಗೆ ತಪ್ಪು ಅಂತೀರಿ. ಯಾಕೆ ಮಿಸ್?" ನ್ಯಾಯವಾದ ಪ್ರಶ್ನೆ. "ರೂಲ್ಸ್ ಹಾಗಿದೆ" ಅಂತ ಹೇಳಿ ಕಳಿಸಲು ಮನಸ್ಸಾಗಲಿಲ್ಲ.

ಉತ್ತರ ಇರುವುದು ನಮ್ಮ ದೀರ್ಘದಲ್ಲಿ. ಕನ್ನಡದಲ್ಲಿ ಹ್ರಸ್ವ ದೀರ್ಘ ತೋರಿಸಲು ಗುರುತಿದೆ. ಇಂಗ್ಲಿಷಿಗೆ ಅದಿಲ್ಲ. ಹಾಗಾಗಿ ಅದು ಸುತ್ತಿ ಬಳಸಿ ತೋರಿಸುತ್ತದೆ. ಪದದ ಕೊನೆಯಲ್ಲಿ ಸದ್ದಿಲ್ಲದ ಇ ಇಟ್ಟರೆ ಹಿಂದಿನ ಸ್ವರ ಎಳೆದು ಹೇಳು ಅಂತ. ಹಾಪ್ ಅಂದರೆ ಒಂಟಿಕಾಲಲ್ಲಿ ಕುಪ್ಪಳಿಸುವುದು, ಮೂರೇ ಅಕ್ಷರ. ಅದಕ್ಕೊಂದು ಇ ಸೇರಿಸಿದರೆ ಹೋಪ್, ಭರವಸೆ. ಈಗ ಇಂಗ್ ಹಚ್ಚಬೇಕು. ಹೋಪ್‌ನ ಇ ಬಿದ್ದುಹೋಗುತ್ತದೆ, ಆ ಜಾಗಕ್ಕೆ ಇಂಗ್‌ನ ಐ ಬಂದು ಅದೇ ಕೆಲಸ ಮಾಡುತ್ತದೆ. ಸರಿ. ಆದರೆ ಹಾಪ್‌ಗೂ ಹಾಗೇ ಇಂಗ್ ಹಚ್ಚಿದರೆ ಅದೂ ಹೋಪಿಂಗ್ ಆಗಿಬಿಡುತ್ತದೆ! ಅದಕ್ಕೇ ನಡುವೆ ಇನ್ನೊಂದು ಪಿ ನಿಲ್ಲಿಸುತ್ತಾರೆ. ಆ ಎರಡನೇ ಪಿ ಉಚ್ಚಾರಕ್ಕಲ್ಲ, ಹಿಂದಿನ ಸ್ವರ ಹ್ರಸ್ವವಾಗಿಯೇ ಉಳಿಯಲಿ ಅಂತ ಇಟ್ಟ ಕಾವಲು. ರಿಟನ್‌ನಲ್ಲಿ ರಿ ಹ್ರಸ್ವ, ಆದ್ದರಿಂದ ಎರಡು ಟಿ. ರೈಟಿಂಗ್‌ನಲ್ಲಿ ಸ್ವರ ಎಳೆಯಬೇಕು, ಆದ್ದರಿಂದ ಒಂದೇ. ಹುಡುಗಿ ಕೇಳಿ, ತಲೆಯಾಡಿಸಿ, ನೋಟ್‌ಬುಕ್ ತಗೊಂಡು ಹೋದಳು. ಆಮೇಲೆ ಆ ತಪ್ಪು ಬರಲಿಲ್ಲ.

ಇದು ಗೊತ್ತಾದ ಮೇಲೆ ಉಳಿದವು ತಾವಾಗಿ ಬರುತ್ತವೆ. ಸಿಟ್, ರನ್, ಸ್ವಿಮ್, ಕಟ್, ಇವೆಲ್ಲ ಹ್ರಸ್ವ, ಕಾವಲು ಬೇಕು. ರೇನ್, ರೀಡ್, ಇವುಗಳಲ್ಲಿ ಸ್ವರದ ಅಕ್ಷರ ಆಗಲೇ ಎರಡಿವೆ, ಕಾವಲು ಬೇಡ. ನಾವು ಕನ್ನಡದಲ್ಲಿ ಒತ್ತು ಕೊಟ್ಟು ರನ್ನಿಂಗ್ ಅಂತ ಬರೆದು ಹಾಗೇ ಒತ್ತಿ ಹೇಳುತ್ತೇವೆ. ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ಅಲ್ಲಿ ಒಂದೇ ನ್ ಇರುತ್ತದೆ. ಪ್ಯಾನಿಕ್, ಪಿಕ್ನಿಕ್ ಥರದವಕ್ಕೆ ಇಂಗ್ ಮುಂಚೆ ಒಂದು ಕೆ ಬರುತ್ತದೆ. ಇಲ್ಲದಿದ್ದರೆ ಸಿ ಅಕ್ಷರ ಐ ಪಕ್ಕ ಕೂತು ಸ ಆಗಿಬಿಡುತ್ತದೆ. ಡೈ ಅಂದರೆ ಸಾಯುವುದು, ಅದರ ಕೊನೆಯ ಐ ಇ ಹೋಗಿ ವೈ ಬರುತ್ತದೆ. ಬಟ್ಟೆಗೆ ಬಣ್ಣ ಹಾಕುವ ಡೈ ಮಾತ್ರ ತನ್ನ ಇ ಬಿಡುವುದಿಲ್ಲ, ಬಿಟ್ಟರೆ ಸಾವಿನ ಜೊತೆ ಬೆರೆತುಹೋಗುತ್ತದೆ.

ಮಕ್ಕಳಿಗೆ ನಿಜವಾಗಿ ಕಷ್ಟ ಅಂದರೆ ಎರಡೆರಡು ಉಚ್ಚಾರದ ತುಂಡಿರುವ ಪದಗಳು. ಬಿಗಿನ್‌ಗೆ ಎನ್ ಎರಡಾಗುತ್ತದೆ, ಓಪನ್‌ಗೆ ಆಗುವುದಿಲ್ಲ. ಬಿಗಿನ್‌ನಲ್ಲಿ ದನಿಯ ಭಾರ ಕೊನೆಗೆ ಬೀಳುತ್ತದೆ, ಓಪನ್‌ನಲ್ಲಿ ಮೊದಲಿಗೆ. ಕನ್ನಡದಲ್ಲಿ ಈ ಭಾರದಿಂದ ಪದ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ಟ್ರಾವೆಲಿಂಗ್‌ಗೆ ಎಲ್ ಒಂದೋ ಎರಡೋ ಅನ್ನುವ ಜಗಳಕ್ಕಂತೂ ಎರಡೂ ಸರಿ. ಬ್ರಿಟನ್ನಿನಲ್ಲಿ ಎರಡು, ಅಮೆರಿಕದಲ್ಲಿ ಒಂದು. ಅಮೆರಿಕದ ಕಾಗುಣಿತವನ್ನು ಹಗುರ ಮಾಡಲು ಹೊರಟ ನೋವಾ ವೆಬ್‌ಸ್ಟರ್ 1828ರಲ್ಲಿ ದೊಡ್ಡ ನಿಘಂಟು ತಂದರು. ಅವರ ದಾರಿಯನ್ನೇ ಆ ದೇಶ ಹಿಡಿಯಿತು. ನಮ್ಮ ಪಠ್ಯಪುಸ್ತಕ ಬ್ರಿಟನ್ನಿನ ಕಡೆಗಿದೆ, ಮೊಬೈಲ್ ಹಲವು ಸಲ ಅಮೆರಿಕದ ಕಡೆಗೆ ತಿದ್ದುತ್ತದೆ. ಮಕ್ಕಳಿಗೆ ಇದನ್ನು ಹೇಳಿಬಿಡುವುದು ಒಳ್ಳೆಯದು.

ಮೂರನೇ ಕಂಬ "ಓಡುವ." ನನಗೆ ತುಂಬಾ ಇಷ್ಟವಾದ ಕಂಬ ಇದು.

ನಮ್ಮ ಶಾಲೆಯ ನಲ್ಲಿಯ ಮೇಲೆ ನೀಲಿ ಬಣ್ಣದಲ್ಲಿ "ಕುಡಿಯುವ ನೀರು" ಅಂತ ಬರೆದಿದೆ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಕೇಳಿದೆ, "ನೀರು ಏನನ್ನಾದರೂ ಕುಡಿಯುತ್ತಾ?" ಇಲ್ಲ. ನಾವು ಕುಡಿಯುತ್ತೇವೆ, ಅದಕ್ಕೆಂದು ಇಟ್ಟ ನೀರು. ಆದರೆ "ಕುಡಿಯುವ ಕರು" ಅಂದರೆ? ಅಲ್ಲಿ ಕುಡಿಯುವುದು ಕರುವೇ. ಕನ್ನಡದ "ಉವ" ಎರಡೂ ಕೆಲಸ ಮಾಡುತ್ತದೆ. ಓದುವ ಹುಡುಗ, ಓದುವ ಕೋಣೆ. ಮಲಗುವ ಮಗು, ಮಲಗುವ ಚಾಪೆ. ಯಾವ ಕನ್ನಡದ ಮಗುವೂ ಚಾಪೆಗೆ ನಿದ್ದೆ ಬಂತು ಅಂದುಕೊಳ್ಳುವುದಿಲ್ಲ. ಇಂಗ್ಲಿಷಿನ ಇಂಗ್ ಕೂಡ ಹೀಗೇ. ಡ್ರಿಂಕಿಂಗ್ ವಾಟರ್, ರೀಡಿಂಗ್ ರೂಮ್, ವಾಕಿಂಗ್ ಸ್ಟಿಕ್, ಇವೆಲ್ಲ ಆ ಕೆಲಸಕ್ಕೆಂದು ಇರುವ ವಸ್ತುಗಳು. ಸ್ಲೀಪಿಂಗ್ ಬೇಬಿ, ಬಾರ್ಕಿಂಗ್ ಡಾಗ್, ಇಲ್ಲಿ ಕೆಲಸ ಮಾಡುವುದು ಅವೇ. ಎರಡು ಭಾಷೆಗಳು ಇಷ್ಟು ದೂರದ ಊರಿನವು. ಆದರೂ ಇಲ್ಲಿ ಒಂದೇ ಥರ ಯೋಚಿಸುತ್ತವೆ. ನೋಡಿದಾಗ ನಿಜಕ್ಕೂ ಖುಷಿಯಾಯಿತು.

ನನ್ನ ಬೋರಿಂಗ್ ಹುಡುಗನ ಸಮಸ್ಯೆಯೂ ಈ ಕಂಬದ್ದೇ. ಕನ್ನಡದಲ್ಲಿ ದಣಿಸುವ ಕೆಲಸ, ದಣಿದ ಜನ. ಹೆದರಿಸುವ ಕತೆ, ಹೆದರಿದ ಮಗು. ಒಂದರಲ್ಲಿ "ಇಸು" ಸೇರಿಕೊಂಡಿದೆ, ಇನ್ನೊಂದರಲ್ಲಿ ಇಲ್ಲ. ದಣಿಸುವ ಅಂದರೆ ಟೈರಿಂಗ್, ದಣಿದ ಅಂದರೆ ಟೈರ್ಡ್. ಹೆದರಿಸುವ ಅಂದರೆ ಫ್ರೈಟನಿಂಗ್, ಹೆದರಿದ ಅಂದರೆ ಫ್ರೈಟನ್ಡ್. ಬೋರ್ ಹೊಡೆಸುವ ಪಾಠ ಬೋರಿಂಗ್, ಬೋರ್ ಹೊಡೆದ ಹುಡುಗ ಬೋರ್ಡ್. ಮನಸ್ಸಿನ ಸ್ಥಿತಿ ಹೇಳುವಾಗ "ಇಸುವ"ಕ್ಕೆ ಇಂಗ್, "ಇದ"ಕ್ಕೆ ಕೊನೆಯಲ್ಲಿ ಇ, ಡಿ ಅಕ್ಷರ. ಮಕ್ಕಳಿಗೆ ಇದು ಒಂದೇ ಪೀರಿಯಡ್ಡಲ್ಲಿ ಹತ್ತಿತು.

ಇದನ್ನು ಬರೆಯುವಾಗ ನನ್ನ ಹಳೇ ವಿದ್ಯಾರ್ಥಿಯೊಬ್ಬನ ನೆನಪಾಗುತ್ತದೆ. ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ದ. ಕೆಲಸ ಬಲ್ಲ ಹುಡುಗ. ಯಾವ ಮೋಟರನ್ನಾದರೂ ಬಿಚ್ಚಿ ಜೋಡಿಸುತ್ತಿದ್ದ. "ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್" ಅಂದನಂತೆ. ಎದುರಿಗಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರಂತೆ. ಯಾಕೆ ನಕ್ಕರು ಅಂತ ಅವನಿಗೆ ಹೊರಗೆ ಬಂದ ಮೇಲೂ ಗೊತ್ತಾಗಲಿಲ್ಲ. ನನಗೆ ಫೋನ್ ಮಾಡಿ ಕೇಳಿದ, "ಮಿಸ್, ಅದರಲ್ಲಿ ಏನು ತಪ್ಪು?" ಅವತ್ತು ನನಗೆ ಆ ಇಬ್ಬರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವನು ಹೇಳಿದ್ದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಆದರೂ ನಕ್ಕರು. ಇಂಥ ಜಾಗಗಳಿರುವವರೆಗೆ, ನನ್ನ ಮಕ್ಕಳು ಅಲ್ಲಿಗೆ ಹೋಗುವ ಮೊದಲು ಅವರ ಕೈಗೆ ಎರಡೂ ಪದ ಕೊಟ್ಟು ಕಳಿಸಬೇಕು.

ಇನ್ನು ಮೊದಲನೇ ಕಂಬ. ಉತ್ತಿದ್ದಾನೆ. ಎಲ್ಲರೂ ಕಲಿಸುವುದು ಇದನ್ನೇ, ಆದರೆ ಇಲ್ಲೇ ಅತಿ ಹೆಚ್ಚು ತಪ್ಪು.

ಮೊದಲಿಗೆ, ಹೀ ಗೋಯಿಂಗ್, ಶೀ ಈಟಿಂಗ್ ಅಂತ ಮಕ್ಕಳು ನಡುವಿನ ಈಸ್ ಬಿಟ್ಟುಬಿಡುತ್ತಾರೆ. ಹೋಗುತ್ತಿದ್ದಾನೆ ಅನ್ನುವುದು ಒಂದೇ ಪದದ ಥರ ಕಾಣುತ್ತದಲ್ಲ, ಅದಕ್ಕೆ. ಆಡುಮಾತಿಗೆ ಬನ್ನಿ. "ಹೋಗ್ತಾ ಇದ್ದಾನೆ." ಈಗ ಎರಡು ತುಂಡು ಕಾಣುತ್ತವೆ. ಹೋಗ್ತಾ ಅಂದರೆ ಗೋಯಿಂಗ್, ಇದ್ದಾನೆ ಅಂದರೆ ಈಸ್. "ಅವನು ಹೋಗ್ತಾ" ಅಂತ ಹೇಳಿ ಸುಮ್ಮನಾದರೆ ಹೇಗೆ ಕೇಳಿಸುತ್ತದೆ? ಮುಂದೇನು ಅಂತ ಕಾಯುತ್ತೇವೆ. ಹೀ ಗೋಯಿಂಗ್ ಅಂದಾಗಲೂ ಹಾಗೇ ಕೇಳಿಸುತ್ತದೆ ಅಂತ ಹೇಳಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಆಮೇಲೆ ಬರುವುದು ಎಲ್ಲದಕ್ಕೂ ಇಂಗ್ ಹಚ್ಚುವ ಚಟ. ಒಗ್ಗರಣೆಗೆ ಇಂಗು ಹಾಕಿದ ಹಾಗೆ. ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್, ಐ ಆಮ್ ನೋಯಿಂಗ್ ಹಿಮ್, ದಿಸ್ ಪೆನ್ ಈಸ್ ಬಿಲಾಂಗಿಂಗ್ ಟು ಮಿ. ಇದು ನಮ್ಮ ಕನ್ನಡದವರಿಗೆ ಮಾತ್ರ ಅಂಟಿದ್ದಲ್ಲ. ಇಂಡಿಯನ್ ಇಂಗ್ಲಿಷಿನ ಗುರುತು ಅಂತಲೇ ಭಾಷೆಯ ವಿದ್ವಾಂಸರು ಇದನ್ನು ಬರೆದಿಟ್ಟಿದ್ದಾರೆ. ನಮ್ಮನಮ್ಮಲ್ಲಿ ಹಾಗೆ ಮಾತಾಡಿದರೆ ಯಾರಿಗೂ ಏನೂ ತೊಂದರೆ ಇಲ್ಲ, ಕೆಲಸ ನಡೆಯುತ್ತದೆ. ನನಗೆ ಆಶ್ಚರ್ಯ ಬೇರೆ. ಈ ಜಾಗಗಳಲ್ಲಿ ಕನ್ನಡವೂ "ಉತ್ತಿದ್ದೇನೆ" ಅನ್ನುವುದಿಲ್ಲ! ನನಗೆ ಇಬ್ಬರು ಅಣ್ಣಂದಿರಿದ್ದಾರೆ. ನನಗೆ ಅವನು ಗೊತ್ತು. ಈ ಪೆನ್ನು ನನ್ನದು. ನನಗೆ ಬೇಕು. ನನಗೆ ಇಷ್ಟ. ನನಗೆ ನೆನಪಿದೆ. ಗೊತ್ತು, ಬೇಕು, ಇವುಗಳನ್ನು ಹೇಗೆ ತಿರುಗಿಸಿದರೂ ಉತ್ತಿದೆ ಬರುವುದಿಲ್ಲ.

ಇದರಿಂದ ನಾನು ಮಕ್ಕಳಿಗೆ ಒಂದು ಗುರುತು ಹೇಳಿಕೊಡುತ್ತೇನೆ. ಕನ್ನಡದಲ್ಲಿ ವಾಕ್ಯ "ನಾನು" ಅಂತ ಶುರುವಾಗುತ್ತೋ, "ನನಗೆ" ಅಂತ ಶುರುವಾಗುತ್ತೋ ನೋಡಿ. ನಾನು ಅಂದರೆ ನಾನು ಮಾಡುವ ಕೆಲಸ, ಅದಕ್ಕೆ ಇಂಗ್ ಹೊಂದುತ್ತದೆ. ನನಗೆ ಅಂದರೆ ನನ್ನಲ್ಲಿ ಇರುವ, ನನಗೆ ಒದಗಿದ ಸ್ಥಿತಿ, ಅಲ್ಲಿ ಒಮ್ಮೆ ನಿಂತು ಯೋಚಿಸಿ. ಹ್ಯಾವ್ ಪದವನ್ನೇ ತಗೊಳ್ಳಿ. ನನಗೆ ಇಬ್ಬರು ಅಣ್ಣಂದಿರು ಅನ್ನುವಾಗ ಹ್ಯಾವಿಂಗ್ ಸಲ್ಲದು. ನಾನು ಊಟ ಮಾಡ್ತಾ ಇದ್ದೀನಿ ಅನ್ನುವಾಗ ಐ ಆಮ್ ಹ್ಯಾವಿಂಗ್ ಲಂಚ್ ಪೂರ್ತಿ ಸರಿ.

ಈ ಗುರುತು ಕೈಕೊಡುವ ಜಾಗವೂ ಇದೆ. ಅದನ್ನು ಮುಚ್ಚಿಡಬಾರದು. "ನನಗೆ ಕೇಳಿಸ್ತಾ ಇದೆ", "ನನಗೆ ಅರ್ಥ ಆಗ್ತಾ ಇಲ್ಲ", "ನನಗೆ ಕಾಣಿಸ್ತಾ ಇದೆ." ಇಲ್ಲಿ ನನಗೆ ಇದೆ, ಜೊತೆಗೆ ಉತ್ತಿದೆಯೂ ಇದೆ. ಐ ಆಮ್ ಹಿಯರಿಂಗ್, ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್ ಅನ್ನುವ ಮಾತು ನಮ್ಮವರ ಬಾಯಿಗೆ ಬರುವುದು ಇಲ್ಲಿಂದಲೇ ಅಂತ ನನ್ನ ಅಂದಾಜು. ಇಂಗ್ಲಿಷ್ ಇಲ್ಲಿ ಸಾಮಾನ್ಯವಾಗಿ ಐ ಕ್ಯಾನ್ ಹಿಯರ್, ಐ ಡೋಂಟ್ ಅಂಡರ್‌ಸ್ಟ್ಯಾಂಡ್ ಅನ್ನುತ್ತದೆ. ಇಂಥ ನಾಲ್ಕಾರು ವಾಕ್ಯಗಳನ್ನು ಮಾತ್ರ ಕಿವಿಗೆ ಹಾಕಿಕೊ ಅಂತ ಹೇಳಬೇಕಾಗುತ್ತದೆ. ಮೆಕ್‌ಡೊನಾಲ್ಡ್ಸ್ ಕಂಪನಿ 2003ರಿಂದ ಐ ಆಮ್ ಲವಿನ್ ಇಟ್ ಅಂತ ಜಗತ್ತೆಲ್ಲ ಹೇಳಿಕೊಂಡು ಬಂದಿದೆಯಲ್ಲ, ಅದು ಹೇಗೆ ಸರಿ ಅಂತ ಒಬ್ಬಳು ಕೇಳಿದಳು. ಬಾಯಲ್ಲಿಟ್ಟುಕೊಂಡ ಈ ಗಳಿಗೆಯಲ್ಲೇ ಸವಿಯುತ್ತಾ ಇದ್ದೀನಿ ಅನ್ನುವ ಅರ್ಥ ಅದರಲ್ಲಿ ಬರುತ್ತದೆ. ನಿಯಮ ಗೊತ್ತಿರುವುದರಿಂದಲೇ ಅಲ್ಲಿ ಇಂಗ್ ಕಿವಿಗೆ ನಾಟುತ್ತದೆ.

ಇನ್ನೊಂದು ಗುಂಡಿ ಭೂತಕಾಲದಲ್ಲಿದೆ. ಇದನ್ನು ಪುಸ್ತಕಗಳು ಯಾಕೆ ಹೇಳುವುದಿಲ್ಲವೋ. "ಚಿಕ್ಕವನಿದ್ದಾಗ ಕೆರೆಯಲ್ಲಿ ಈಜುತ್ತಿದ್ದೆ." "ನೀನು ಫೋನ್ ಮಾಡಿದಾಗ ಈಜುತ್ತಿದ್ದೆ." ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ. ಮೊದಲನೆಯದು ರೂಢಿ, ವರ್ಷಗಟ್ಟಲೆ ನಡೆದದ್ದು. ಎರಡನೆಯದು ಆ ಹೊತ್ತಿನಲ್ಲಿ ನಡೆಯುತ್ತಿದ್ದದ್ದು. ಇಂಗ್ಲಿಷ್ ಇಲ್ಲಿ ದಾರಿ ಬೇರೆ ಮಾಡುತ್ತದೆ. ರೂಢಿಗೆ ಐ ಯೂಸ್ಡ್ ಟು ಸ್ವಿಮ್. ಆ ಹೊತ್ತಿಗೆ ಐ ವಾಸ್ ಸ್ವಿಮ್ಮಿಂಗ್. "ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ವಾಕ್" ಅನ್ನುವ ವಾಕ್ಯ ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಎಷ್ಟು ಸಲ ಓದಿದ್ದೇನೋ! ಅದು ಅಸಡ್ಡೆಯಿಂದ ಬಂದ ತಪ್ಪಲ್ಲ. ಹೋಗುತ್ತಿದ್ದೆ ಅನ್ನುವ ಕನ್ನಡ ಒಳಗಿನಿಂದ ಹಾಗೇ ಹೊರಗೆ ಬಂದಿದೆ.

ನಾಲ್ಕನೇ ಕಂಬದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಡುತ್ತಾ ಬಂದಳು, ಶೀ ಕೇಮ್ ಸಿಂಗಿಂಗ್. ಒಂದೇ ಎಚ್ಚರ. "ಶಾಲೆಗೆ ನಡೆಯುತ್ತಾ ನಾಯಿ ಕಚ್ಚಿತು" ಅಂದರೆ ನಾಯಿಯೇ ಶಾಲೆಗೆ ಹೊರಟಂತೆ ಕೇಳಿಸುತ್ತದೆ. ನಾವು "ನಡೆದು ಹೋಗ್ತಾ ಇದ್ದಾಗ" ಅನ್ನುತ್ತೇವೆ. ಇಂಗ್ಲಿಷಿನಲ್ಲೂ ವಾಕಿಂಗ್ ಟು ಸ್ಕೂಲ್ ಅಂತ ಶುರು ಮಾಡಿದರೆ ಮುಂದೆ ನಡೆಯುವವರೇ ಬರಬೇಕು. ನಾಯಿ ಬರುವುದಾದರೆ ವೆನ್ ಐ ವಾಸ್ ವಾಕಿಂಗ್.

ಇಷ್ಟೆಲ್ಲ ಆದ ಮೇಲೆ ನನ್ನನ್ನು ಕಾಡಿದ್ದು ಒಂದೇ. ಇಂಗ್ಲಿಷ್ ಯಾಕೆ ನಾಲ್ಕು ಕೆಲಸವನ್ನು ಒಂದೇ ತಲೆಗೆ ಹೊರಿಸಿತು? ಹುಡುಕಿ ಓದಿದಾಗ ಗೊತ್ತಾಗಿದ್ದು, ಅದೂ ಮೊದಲು ಹೀಗಿರಲಿಲ್ಲ ಅಂತ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಬಾಲಗಳಿದ್ದವು. ಕೆಲಸದ ಹೆಸರಿಗೆ ಉಂಗ್ ಅಥವಾ ಇಂಗ್. ಹಾಡುವ, ಹಾಡುತ್ತಾ ಅನ್ನುವ ಅರ್ಥಕ್ಕೆ ಎಂಡೆ. ಅಂದರೆ ಸಿಂಗೆಂಡೆ ಅಂದರೆ ಹಾಡುವ. ಮುಂದಿನ ಕೆಲವು ಶತಮಾನಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತಾ ಆ ಎಂಡೆ ಸವೆದು, ಇಂಗ್ ಜೊತೆ ಸೇರಿಹೋಯಿತು. ಇಂಗ್ಲಿಷಿನ ನೆಂಟ ಜರ್ಮನ್ ಭಾಷೆ ಇವತ್ತಿಗೂ ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡಿದೆ. ಕನ್ನಡದ ಹಾಗೆ. ಇಂಗ್ಲಿಷಿನ ಉತ್ತಿದ್ದಾನೆ ರೂಪಕ್ಕೂ ಒಂದು ಹಳೆಯ ಬೇರಿದೆ. ಹೀ ಈಸ್ ಆನ್ ಹಂಟಿಂಗ್ ಅನ್ನುತ್ತಿದ್ದರು, ಬೇಟೆಯಲ್ಲಿದ್ದಾನೆ ಅಂತ. ಆ ಆನ್ ಸವೆದು ಅ-ಹಂಟಿಂಗ್ ಆಯಿತು, ಆಮೇಲೆ ಅದೂ ಉದುರಿತು.

ಇದನ್ನು ಕನ್ನಡ ಮೇಷ್ಟ್ರಿಗೆ ಸ್ಟಾಫ್ ರೂಮಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಹಾಗಾದ್ರೆ ನಮ್ಮಿಬ್ಬರ ಪಾಠ ಒಂದೇ ಅಲ್ವೇನ್ರೀ ಮೇಡಂ?" ಅಂದರು. ಮುಂದಿನ ಬುಧವಾರ ಎರಡು ಪೀರಿಯಡ್ ಸೇರಿಸಿಕೊಂಡೆವು. ಬೋರ್ಡಿನ ಎಡಕ್ಕೆ ಅವರು ಕೃದಂತ ಬರೆದರು. ಬಲಕ್ಕೆ ನಾನು ಇಂಗ್ ಬರೆದೆ. ಮಕ್ಕಳಿಗೆ ಒಂದೊಂದು ಪದ ಹೇಳಿ, ಯಾವ ಕಂಬಕ್ಕೆ ಸೇರುತ್ತೆ ಅಂತ ಕೇಳುತ್ತಾ ಹೋದೆವು.

ಕೊನೇ ಬೆಂಚಿನ ನನ್ನ ಹುಡುಗ ಅವತ್ತು ಎರಡನೇ ಬೆಂಚಿಗೆ ಬಂದಿದ್ದ. ಎದ್ದು ನಿಂತು ಕೇಳಿದ, "ಮಿಸ್, ಕಿಂಗ್, ರಿಂಗ್ ಇವೆಲ್ಲ ಬಿಡಿ, ಅವು ಹುಟ್ಟಿದ್ದೇ ಹಾಗೆ. ದಿನಾ ಗುಡ್ ಈವ್ನಿಂಗ್ ಅಂತೀವಲ್ಲ, ಆ ಇಂಗ್ ಯಾವುದು?"

ಅದರ ಉತ್ತರ ನನಗೆ ಗೊತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ "ಸಂಜೆಯಾಗು" ಅನ್ನುವುದಕ್ಕೆ ಒಂದು ಕ್ರಿಯಾಪದವೇ ಇತ್ತು. ಅದಕ್ಕೆ ಆ ಹಳೆಯ ಉಂಗ್ ಹಚ್ಚಿ ಮಾಡಿದ ಹೆಸರೇ ಈವ್ನಿಂಗ್ ಆಗಿ ಉಳಿದಿದೆ. ಮಾರ್ನಿಂಗ್ ಅದನ್ನು ನೋಡಿ ಆಮೇಲೆ ಕಟ್ಟಿಕೊಂಡ ಪದ. ಹೇಳಿದೆ. ಅವನು ಬೋರ್ಡಿನ ಹತ್ತಿರ ಬಂದು ನನ್ನ ಕೈಯಿಂದ ಸೀಮೆಸುಣ್ಣ ತಗೊಂಡ. ನಾಲ್ಕು ಕಂಬಗಳನ್ನೂ ಒಮ್ಮೆ ನೋಡಿದ. ಎರಡನೆಯದರ ಕೆಳಗೆ, ಜಾಗ ಸಾಲದೆ ಸ್ವಲ್ಪ ಓರೆಯಾಗಿ, ಬರೆದ: ಸಂಜೆಯಾಗುವುದು.